ಕನ್ನಡ ಶಾಲೆಗಳ ಡೆಪ್ಯುಟಿ ಚನ್ನಬಸಪ್ಪ

ಮಕ್ಕಳೇ, ಜಹೀರಾಬಾದಿನ ಸಂತೆಯಲ್ಲಿ ಸ್ವಲ್ಪ ಹೊತ್ತು ನಿಂತು ಕಿವಿಗೊಟ್ಟು ಕೇಳಿ. ಒಬ್ಬರು ತೆಲುಗಿನಲ್ಲಿ ಬೆಲೆ ಕೇಳುತ್ತಾರೆ. ಇನ್ನೊಬ್ಬರು ಉರ್ದುವಿನಲ್ಲಿ ಉತ್ತರ ಕೊಡುತ್ತಾರೆ. ಪಕ್ಕದಲ್ಲಿ ಕನ್ನಡ, ಅದರಾಚೆ ಮರಾಠಿ, ಲಂಬಾಣಿ ಮಾತುಗಳೂ ಕಿವಿಗೆ ಬೀಳುತ್ತವೆ. ನಾರಾಯಣಖೇಡ, ತಾಂಡೂರುಗಳಲ್ಲಿಯೂ ಹಲವು ಭಾಷೆಗಳನ್ನಾಡುವ ಜನರಿದ್ದಾರೆ. ಇಷ್ಟು ಭಾಷೆಗಳಿರುವ ಊರಿನಲ್ಲಿ ಮಗುವನ್ನು ಯಾವ ಶಾಲೆಗೆ ಸೇರಿಸಬೇಕು? ನಿಮ್ಮನ್ನು ಮೊದಲ ಸಲ ಶಾಲೆಗೆ ಕರೆತರುವ ಮುನ್ನ ನಿಮ್ಮ ತಾಯಿತಂದೆಯರು ಇದನ್ನು ಯೋಚಿಸಿರಬೇಕು. ಅವರು ಕನ್ನಡ ಶಾಲೆಯನ್ನು ಆರಿಸಿದರು.

ಸುಮಾರು 160 ವರ್ಷಗಳ ಹಿಂದೆ ಧಾರವಾಡ ಸೀಮೆಯ ತಾಯಿತಂದೆಯರ ಮುಂದೆಯೂ ಇದೇ ಪ್ರಶ್ನೆ ಇತ್ತು. ಆಗ ಅವರ ಮನೆಬಾಗಿಲಿಗೆ ಹೋಗಿ ತಿಳಿಹೇಳಿದ ಮಹನೀಯರೊಬ್ಬರಿದ್ದರು. ಅವರೇ ಡೆಪ್ಯುಟಿ ಚನ್ನಬಸಪ್ಪ. ಅವರ ಕಥೆಯನ್ನು ಈಗ ತಿಳಿಯೋಣ.

ಚನ್ನಬಸಪ್ಪನವರು 1834ರ ನವೆಂಬರ್ 1ರಂದು ಧಾರವಾಡದಲ್ಲಿ ಹುಟ್ಟಿದರು. ಅವರ ತಂದೆಯ ಹೆಸರು ಬಸಲಿಂಗಪ್ಪ. ಬಾಲಕ ಚನ್ನಬಸಪ್ಪನಿಗೆ ಓದಿನಲ್ಲಿ ಬಹಳ ಆಸೆ. ಊರಿನ ಓದು ಮುಗಿದ ಮೇಲೆ ಇಂಗ್ಲಿಷ್ ಕಲಿಯಬೇಕೆಂಬ ಹಂಬಲ ಹುಟ್ಟಿತು. ಅದಕ್ಕಾಗಿ ಪುಣೆಗೆ ಹೋಗಬೇಕಾಗಿತ್ತು. ಪುಣೆ ಧಾರವಾಡದಿಂದ 400 ಕಿಲೋಮೀಟರಿಗೂ ಹೆಚ್ಚು ದೂರ. ಧಾರವಾಡಕ್ಕೆ ಆಗ ರೈಲು ಬಂದಿರಲಿಲ್ಲ. ಮಗನನ್ನು ಅಷ್ಟು ದೂರ ಕಳಿಸಲು ಮನೆಯವರಿಗೆ ಮನಸ್ಸಿರಲಿಲ್ಲ. ಆದರೂ ಚನ್ನಬಸಪ್ಪನವರು ಧೈರ್ಯದಿಂದ ಹೊರಟರು. ಪುಣೆ ಸೇರಿ ಓದಿದರು. ಮಗುವಿನ ಓದಿನ ವಿಷಯದಲ್ಲಿ ಮನೆಯವರ ಮನಸ್ಸು ಎಷ್ಟು ಮುಖ್ಯ ಎಂಬುದು ಅವರಿಗೆ ಚಿಕ್ಕಂದಿನಲ್ಲಿಯೇ ಅನುಭವಕ್ಕೆ ಬಂದಿತ್ತು.

ಆ ಕಾಲದಲ್ಲಿ ಧಾರವಾಡ, ಬೆಳಗಾವಿ ಭಾಗಗಳು ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಅದಕ್ಕೂ ಮೊದಲು, 1818ರವರೆಗೆ, ಅಲ್ಲಿ ಪೇಶ್ವೆಗಳ ಆಡಳಿತವಿತ್ತು. ಆಗಿನಿಂದಲೂ ಕಚೇರಿಯ ಲೆಕ್ಕಪತ್ರಗಳು ಮರಾಠಿಯಲ್ಲಿ, ಮೋಡಿ ಎಂಬ ಅಕ್ಷರಗಳಲ್ಲಿ ಇರುತ್ತಿದ್ದವು. ಜನರು ಮನೆಯಲ್ಲಿ, ಹೊಲದಲ್ಲಿ, ಜಾತ್ರೆಯಲ್ಲಿ ಆಡುತ್ತಿದ್ದುದು ಕನ್ನಡ. ಆದರೆ ಅನೇಕ ಊರುಗಳ ಶಾಲೆಗಳಲ್ಲಿ ನಡೆಯುತ್ತಿದ್ದುದು ಮರಾಠಿ ಪಾಠ.

ಕನ್ನಡದ ಮಗು ಆ ಶಾಲೆಯಲ್ಲಿ ಕುಳಿತರೆ ಏನಾಗುತ್ತಿತ್ತು? ಯೋಚಿಸಿ ನೋಡಿ. ಮೊದಲು ಗುರುಗಳ ಮಾತನ್ನೇ ಕಲಿಯಬೇಕು. ಆಮೇಲೆ ಪಾಠವನ್ನು ಕಲಿಯಬೇಕು. ಲೆಕ್ಕ ಬಲ್ಲ ಮಗುವೂ ಲೆಕ್ಕದ ಮಾತು ತಿಳಿಯದೆ ಸುಮ್ಮನೆ ಕುಳಿತಿರಬೇಕು. ಕೊನೆಗೆ ಬೇಸತ್ತು ಶಾಲೆಯನ್ನೇ ಬಿಡಲೂಬಹುದು.

ಹಾಗಾದರೆ ತಾಯಿತಂದೆಯರು ಮಕ್ಕಳನ್ನು ಮರಾಠಿ ಶಾಲೆಗೆ ಏಕೆ ಕಳಿಸುತ್ತಿದ್ದರು? ಅವರಿಗೆ ಕನ್ನಡದ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಕಚೇರಿಯ ಕೆಲಸ ಮರಾಠಿ ಬಲ್ಲವರಿಗೆ ಸಿಗುತ್ತಿತ್ತು. ಮಗ ನಾಲ್ಕು ಅಕ್ಷರ ಕಲಿತು ಒಂದು ನೌಕರಿ ಹಿಡಿಯಲಿ ಎಂಬುದು ಅವರ ಆಸೆ. ಅದು ತಪ್ಪು ಆಸೆಯಲ್ಲ.

ಪುಣೆಯಿಂದ ಮರಳಿದ ಚನ್ನಬಸಪ್ಪನವರು ಶಿಕ್ಷಣ ಇಲಾಖೆಯನ್ನು ಸೇರಿದರು. ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾದರು. ನಾರ್ಮಲ್ ಶಾಲೆ ಎಂದರೆ ಶಿಕ್ಷಕರಿಗೆ ಪಾಠ ಹೇಳುವ ಕ್ರಮವನ್ನು ಕಲಿಸುವ ಶಾಲೆ. ಮುಂದೆ ಅವರು ಶಾಲೆಗಳನ್ನು ನೋಡಿಕೊಳ್ಳುವ ಡೆಪ್ಯುಟಿ ಇನ್‌ಸ್ಪೆಕ್ಟರ್ ಆದರು. ಅಂದಿನಿಂದ ಜನರು ಅವರನ್ನು ಡೆಪ್ಯುಟಿ ಚನ್ನಬಸಪ್ಪ ಎಂದೇ ಕರೆದರು.

ಸರ್ಕಾರದ ಅಧಿಕಾರಿ ಮನಸ್ಸು ಮಾಡಿದರೆ ಶಾಲೆ ತೆರೆಯಬಹುದು, ಬಾಗಿಲಿಗೆ ಹಲಗೆ ತೂಗುಹಾಕಬಹುದು. ಆದರೆ ಮಕ್ಕಳೇ ಬಾರದಿದ್ದರೆ ಅದು ಬರಿಯ ಕಟ್ಟಡ. ಮಕ್ಕಳನ್ನು ಕಳಿಸುವವರು ತಾಯಿತಂದೆಯರು. ಚನ್ನಬಸಪ್ಪನವರು ಇದನ್ನು ಚೆನ್ನಾಗಿ ಅರಿತಿದ್ದರು. ಆದ್ದರಿಂದ ಅವರು ಊರೂರು ತಿರುಗಿ ಜನರಿಗೆ ತಿಳಿಹೇಳಿದರು. ಮನೆಯ ಮಾತಿನಲ್ಲಿ ಕಲಿತರೆ ಮಗುವಿಗೆ ಪಾಠ ಬೇಗ ತಿಳಿಯುತ್ತದೆ, ಆ ಬುನಾದಿಯ ಮೇಲೆ ಬೇರೆ ಭಾಷೆಗಳನ್ನೂ ಸುಲಭವಾಗಿ ಕಲಿಯಬಹುದು ಎಂದು ಮನವರಿಕೆ ಮಾಡಿಕೊಟ್ಟರು.

ಬರಿಯ ಮಾತಿನಿಂದ ಜನ ನಂಬುವುದಿಲ್ಲ. ಕನ್ನಡ ಶಾಲೆ ಒಳ್ಳೆಯ ಶಾಲೆಯೂ ಆಗಿರಬೇಕು. ಅದಕ್ಕೆ ಎರಡು ವಸ್ತುಗಳು ಬೇಕು: ಒಳ್ಳೆಯ ಶಿಕ್ಷಕರು, ಒಳ್ಳೆಯ ಪುಸ್ತಕಗಳು. ಶಿಕ್ಷಕರನ್ನು ಅವರು ತಾವೇ ತಯಾರು ಮಾಡಿದರು. ವೆಂಕಟ ರಂಗೋ ಕಟ್ಟಿ, ಗಂಗಾಧರ ಮಡಿವಾಳೇಶ್ವರ ತುರಮರಿ ಮೊದಲಾದ ವಿದ್ವಾಂಸರು ಆ ಕಾಲದಲ್ಲಿ ಕನ್ನಡ ಪುಸ್ತಕಗಳನ್ನು ಬರೆದರು. ಚನ್ನಬಸಪ್ಪನವರೂ ಬರೆದರು. ಇಂಗ್ಲಿಷಿನ ಮಹಾಕವಿ ಷೇಕ್ಸ್‌ಪಿಯರನ ಒಂದು ನಾಟಕದಲ್ಲಿ ಎರಡು ಜೋಡಿ ಅವಳಿಗಳಿದ್ದಾರೆ. ಒಬ್ಬನನ್ನು ಇನ್ನೊಬ್ಬನೆಂದು ತಿಳಿದು ಎಲ್ಲರೂ ಪೇಚಿಗೆ ಸಿಲುಕುತ್ತಾರೆ. ಆ ನಗೆಯ ನಾಟಕವನ್ನು ಅವರು 1871ರಲ್ಲಿ ಕನ್ನಡದ ಕಥೆಯಾಗಿ ಕೊಟ್ಟರು.

ಹೀಗೆ ಕನ್ನಡ ಶಾಲೆಗಳು ಒಂದೊಂದಾಗಿ ಹೆಚ್ಚಿದವು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಲು ಜನ ಹಿಂಜರಿಯುತ್ತಿದ್ದ ದಿನಗಳವು. ಚನ್ನಬಸಪ್ಪನವರು ಅವರ ಓದಿಗೂ ಪ್ರೋತ್ಸಾಹ ಕೊಟ್ಟರು.

ಒಂದು ಮಾತನ್ನು ನೆನಪಿಡಿ. ಚನ್ನಬಸಪ್ಪನವರು ಪುಣೆಯಲ್ಲಿ ಓದಿದವರು. ಇಂಗ್ಲಿಷ್ ಬಲ್ಲವರು. ಬೇರೆ ಭಾಷೆ ಕಲಿಯಬಾರದೆಂಬುದು ಅವರ ವಿಚಾರವಾಗಿರಲಿಲ್ಲ. ಮೊದಲ ಮೆಟ್ಟಿಲು ಮನೆಯ ಮಾತಿನದಾಗಿರಲಿ ಎಂಬುದಷ್ಟೇ ಅವರ ಆಶಯ.

1881ರ ಜನವರಿ 4ರಂದು ಅವರು ತೀರಿಕೊಂಡರು. ಆಗ ಅವರಿಗೆ ಕೇವಲ 46 ವರ್ಷ. ಅವರು ಹಾಕಿದ ಬುನಾದಿ ಮಾತ್ರ ಗಟ್ಟಿಯಾಗಿತ್ತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿ ಕನ್ನಡದ ಕೆಲಸವನ್ನು ಮುಂದುವರಿಸಿತು.

ಧಾರವಾಡದ ಈ ಕಥೆಗೂ ನಿಮಗೂ ಏನು ಸಂಬಂಧ ಎನ್ನುವಿರಾ? ನಿಮ್ಮ ಊರುಗಳ ಚರಿತ್ರೆಯನ್ನು ಸ್ವಲ್ಪ ನೋಡಿ. ಜಹೀರಾಬಾದ್ ಮತ್ತು ನಾರಾಯಣಖೇಡ ಮೊದಲು ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಇವೆಲ್ಲ ನಿಜಾಮರ ಹೈದರಾಬಾದ್ ಸಂಸ್ಥಾನದ ಊರುಗಳು. ಅಲ್ಲಿ ಕಚೇರಿಯ ಭಾಷೆ ಉರ್ದು. 1956ರ ನವೆಂಬರ್ 1ರಂದು ಭಾಷೆಗಳ ಆಧಾರದ ಮೇಲೆ ರಾಜ್ಯಗಳು ಹೊಸದಾಗಿ ರಚನೆಯಾದವು. ಆಗ ಈ ಊರುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಅವು ತೆಲಂಗಾಣದಲ್ಲಿವೆ. ಗಡಿಗೆರೆ ಬದಲಾಯಿತು, ಅನೇಕ ಮನೆಗಳ ಮಾತು ಕನ್ನಡವಾಗಿಯೇ ಉಳಿಯಿತು. ಅದೇ 1956ರಲ್ಲಿ ನಮ್ಮ ಸಂವಿಧಾನಕ್ಕೆ ಒಂದು ಹೊಸ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕು ಎಂದು ಅದು ಹೇಳುತ್ತದೆ. ನಿಮ್ಮ ಕೈಯಲ್ಲಿರುವ ಈ ಕನ್ನಡ ಪುಸ್ತಕ ಅಂಥ ಒಂದು ಸೌಲಭ್ಯ.

ನೀವು ತೆಲುಗು ಕಲಿಯಿರಿ, ಹಿಂದಿ, ಇಂಗ್ಲಿಷ್‌ಗಳನ್ನೂ ಕಲಿಯಿರಿ. ಕನ್ನಡದಲ್ಲಿ ಚೆನ್ನಾಗಿ ಓದಿ, ಚೆನ್ನಾಗಿ ಲೆಕ್ಕ ಮಾಡಿ. ನಿಮ್ಮ ಓದನ್ನು ಕಂಡು ಪಕ್ಕದ ಮನೆಯವರೂ ತಮ್ಮ ಮಗುವನ್ನು ಕೈಹಿಡಿದು ನಿಮ್ಮ ಶಾಲೆಗೆ ಕರೆತರಲಿ.

ಇಂದು ಮನೆಗೆ ಹೋದ ಮೇಲೆ ಅಜ್ಜ ಅಜ್ಜಿಯರನ್ನು ಕೇಳಿ. ಅವರು ಶಾಲೆಗೆ ಹೋಗಿದ್ದರೇ? ಯಾವ ಭಾಷೆಯಲ್ಲಿ ಕಲಿತರು? ನಿಮ್ಮನ್ನು ಈ ಶಾಲೆಗೆ ಸೇರಿಸಿದವರು ಯಾರು, ಏಕೆ ಸೇರಿಸಿದರು? ಅವರು ಹೇಳಿದ್ದನ್ನು ನಾಲ್ಕು ಸಾಲುಗಳಲ್ಲಿ ಬರೆದು ತಂದು ತರಗತಿಯಲ್ಲಿ ಓದಿರಿ.