ಕೋವಿಯಿಂದ ಕ್ಯಾಮೆರಾಕ್ಕೆ

ಹಿಮಾಲಯದ ಮಡಿಲಿನಲ್ಲಿರುವ ನೈನಿತಾಲ್ ಪಟ್ಟಣದಲ್ಲಿ 1875ನೆಯ ಇಸವಿ ಜುಲೈ 25ರಂದು ಎಡ್ವರ್ಡ್ ಜೇಮ್ಸ್ ಕಾರ್ಬೆಟ್ ಜನಿಸಿದರು. ಜಿಮ್ ಕಾರ್ಬೆಟ್ ಎಂದು ಲೋಕಪ್ರಸಿದ್ಧರಾದವರು ಇವರೇ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಇವರಿಗೆ ಕಾಲಾಢುಂಗಿಯ ಕಾಡೇ ಎರಡನೆಯ ಪಾಠಶಾಲೆಯಾಯಿತು. ಜಿಂಕೆಯ ಎಚ್ಚರಿಕೆಯ ಕೂಗು, ತರಗೆಲೆಯ ಸಪ್ಪಳ, ಮರಳಿನ ಮೇಲೆ ಮೂಡಿದ ಹೆಜ್ಜೆ ಇವೆಲ್ಲವೂ ಅಲ್ಲಿಯ ಅಕ್ಷರಗಳು. ಹೆಜ್ಜೆಯ ಗುರುತನ್ನು ನೋಡಿದ ಮಾತ್ರಕ್ಕೆ ಹುಲಿಯು ಗಂಡೋ ಹೆಣ್ಣೋ, ಎಳೆಯದೋ ಮುದಿಯೋ ಎಂಬುದನ್ನು ಅವರು ಹೇಳಬಲ್ಲವರಾದರು.

ಮುಂದೆ ಅವರು ಬಿಹಾರದ ಮೊಕಾಮೆ ಘಾಟಿನಲ್ಲಿ ರೈಲ್ವೆಯ ಸರಕು ಸಾಗಣೆಯ ಹೊಣೆಯನ್ನು ಇಪ್ಪತ್ತು ವರ್ಷಗಳಿಗೂ ಮಿಗಿಲಾಗಿ ನಿರ್ವಹಿಸಿದರು. ಈ ನಡುವೆ, 1907ರಲ್ಲಿ, 436 ಜನರನ್ನು ಬಲಿ ತೆಗೆದುಕೊಂಡಿತೆನ್ನಲಾದ ಚಂಪಾವತದ ಹೆಣ್ಣುಹುಲಿಯನ್ನು ಕೊಂದು ಹಳ್ಳಿಗರ ಭಯವನ್ನು ನೀಗಿಸಿದರು. ಸತ್ತ ಹುಲಿಯನ್ನು ಪರೀಕ್ಷಿಸಿದಾಗ ಅದರ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದುದು ಕಂಡುಬಂದಿತು. ಹಿಂದೆಂದೋ ಮನುಷ್ಯನೇ ಹಾರಿಸಿದ ಗುಂಡು ಅದಕ್ಕೆ ಕಾರಣವಾಗಿತ್ತು. ಸಹಜವಾದ ಬೇಟೆಯನ್ನು ಹಿಡಿಯಲಾರದ ಪ್ರಾಣಿ ನರಭಕ್ಷಕವಾಗಿತ್ತು. ಗಾಯವೋ ಮುಪ್ಪೋ ಇಲ್ಲದೆ ಹುಲಿಯು ಸಾಮಾನ್ಯವಾಗಿ ಮನುಷ್ಯನ ತಂಟೆಗೆ ಬರುವುದಿಲ್ಲವೆಂಬುದನ್ನು ಕಾರ್ಬೆಟ್ಟರು ಅನುಭವದಿಂದ ಅರಿತರು.

ಅದೇ ಪ್ರಾಂತದಲ್ಲಿ ಎಫ್. ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ಇದ್ದರು. ಹುಲಿಯು ನಡೆಯುವ ದಾರಿಯಲ್ಲಿ ಅವರು ತಂತಿಯನ್ನು ಕಟ್ಟುತ್ತಿದ್ದರು. ಹುಲಿಯ ಕಾಲು ತಗುಲಿದೊಡನೆ ಬೆಳಕು ಮಿಂಚಿ, ಕ್ಯಾಮೆರಾದಲ್ಲಿ ಚಿತ್ರವು ಮೂಡುತ್ತಿತ್ತು. ಆ ಚಿತ್ರಗಳಲ್ಲಿ ಪಟ್ಟೆಗಳನ್ನು ಹೋಲಿಸಿ ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಬಹುದಾಗಿತ್ತು. ಏಕೆಂದರೆ ಒಂದು ಹುಲಿಯ ಪಟ್ಟೆಗಳಂತೆ ಇನ್ನೊಂದರ ಪಟ್ಟೆಗಳು ಇರುವುದಿಲ್ಲ. 1927ರಲ್ಲಿ ಪ್ರಕಟವಾದ ಚಾಂಪಿಯನ್ನರ ಪುಸ್ತಕ ಕಾರ್ಬೆಟ್ಟರನ್ನು ಬಹುವಾಗಿ ಸೆಳೆಯಿತು. ಅವರು ಚಲನಚಿತ್ರದ ಕ್ಯಾಮೆರಾವನ್ನು ಕೈಗೆತ್ತಿಕೊಂಡರು.

ಆದರೆ ಈ ಪರಿವರ್ತನೆ ಒಂದೇ ದಿನದಲ್ಲಿ ಆದುದಲ್ಲ. 1930ರಲ್ಲಿಯೂ ಅವರು ಪವಲ್‌ಗಢದ ಹೆಸರಾಂತ ಗಂಡುಹುಲಿಯನ್ನು ಬೇಟೆಯಾಡಿದರು. ಅದು ನರಭಕ್ಷಕವಾಗಿರಲಿಲ್ಲ. ಬೇಟೆಯ ಮೋಹವನ್ನು ಬಿಡುವುದು ಅವರಂಥವರಿಗೂ ಸುಲಭವಾಗಿರಲಿಲ್ಲ.

ಚಿತ್ರ ತೆಗೆಯುವುದೂ ಸುಲಭವಾಗಿರಲಿಲ್ಲ. ಹುಲಿಯ ಕಿವಿ ಬಹು ಸೂಕ್ಷ್ಮ. ಕ್ಯಾಮೆರಾದ ಗರಗರ ಶಬ್ದ ಕೇಳಿದೊಡನೆ ಅದು ಮರೆಯಾಗುತ್ತಿತ್ತು. ಹಲವು ವರ್ಷಗಳ ಸೋಲಿನ ಬಳಿಕ ಕಾರ್ಬೆಟ್ಟರು ಕಾಡಿನ ಕಿರುತೊರೆಯೊಂದಕ್ಕೆ ಅಲ್ಲಲ್ಲಿ ಸಣ್ಣ ಒಡ್ಡುಗಳನ್ನು ಕಟ್ಟಿದರು. ನೀರು ಧುಮುಕುವ ಸದ್ದಿನಲ್ಲಿ ಯಂತ್ರದ ಸದ್ದು ಅಡಗಿಹೋಯಿತು. ತಿಂಗಳುಗಟ್ಟಲೆ ಕಾದು, ಹಗಲು ಬೆಳಕಿನಲ್ಲಿಯೇ ಏಳು ಹುಲಿಗಳನ್ನು ಅವರು ಚಿತ್ರೀಕರಿಸಿದರು. ಅವುಗಳಲ್ಲಿ ಬಿಳಿಯ ಹೆಣ್ಣುಹುಲಿಯೂ ಒಂದಾಗಿತ್ತು. ಬೇಟೆಗಾರನ ಗೋಡೆಯ ಮೇಲಿನ ಚರ್ಮ ಒಬ್ಬನ ಸೊತ್ತು, ಅದೂ ಕಾಲಕ್ರಮದಲ್ಲಿ ಮಾಸುವಂಥದು. ಒಳ್ಳೆಯ ಚಿತ್ರವಾದರೋ ಎಲ್ಲರಿಗೂ ಸಂತೋಷ ಕೊಡುತ್ತದೆ ಎಂಬುದು ಅವರ ನಿಲುವಾಗಿತ್ತು.

ಜನರ ಬೆಂಬಲವಿಲ್ಲದಿದ್ದರೆ ಹುಲಿಯ ಸಂತತಿ ಅಳಿಯುವುದೆಂಬ ಆತಂಕ ಅವರನ್ನು ಕಾಡುತ್ತಿತ್ತು. ಅವರಂಥವರ ಯತ್ನದಿಂದ 1936ರಲ್ಲಿ ಭಾರತದ ಮೊದಲ ರಾಷ್ಟ್ರೀಯ ಉದ್ಯಾನ ಕುಮಾಊಂ ತಪ್ಪಲಿನಲ್ಲಿ ಸ್ಥಾಪಿತವಾಯಿತು. 1947ರಲ್ಲಿ ಭಾರತವನ್ನು ಬಿಟ್ಟ ಕಾರ್ಬೆಟ್ಟರು ಕೀನ್ಯಾ ದೇಶದ ನ್ಯೇರಿಯಲ್ಲಿ 1955ರ ಏಪ್ರಿಲ್ 19ರಂದು ನಿಧನರಾದರು. ಅನಂತರ ಆ ಉದ್ಯಾನಕ್ಕೆ ಅವರ ಹೆಸರನ್ನೇ ಇಡಲಾಯಿತು. ಕೋವಿ ಹಿಡಿದು ಖ್ಯಾತರಾದವರ ಹೆಸರು ಇಂದು ಕೋವಿಗೆ ಎಡೆಯಿಲ್ಲದ ಕಾಡಿನಲ್ಲಿ ಉಳಿದಿದೆ.