ಪಂಡಿತಾ ರಮಾಬಾಯಿ

ಈ ಸಲದ ಗೋಡೆ ಪತ್ರಿಕೆಗೆ ನಾನು ಪಂಡಿತಾ ರಮಾಬಾಯಿಯವರ ಜೀವನ ಚರಿತ್ರೆಯನ್ನು ಬರೆದಿದ್ದೇನೆ. ಇವರು ಪುಣೆ ಕಡೆಯವರು ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಆದರೆ ಹುಟ್ಟಿದ್ದು ನಮ್ಮ ಕರ್ನಾಟಕದಲ್ಲೇ. ದೇವರು ಕಣ್ಣಿಗೆ ಕಾಣದಿದ್ರೆ ಅವನನ್ನು ತಿಳಿಯೋದು ಹೇಗೆ ಎಂಬ ಪ್ರಶ್ನೆ ಇವರನ್ನು ಚಿಕ್ಕಂದಿನಿಂದ ಕಾಡಿತ್ತು.

ರಮಾಬಾಯಿಯವರು 1858ನೇ ಇಸವಿ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಜನಿಸಿದರು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಜಾಗವೇ ಗಂಗಾಮೂಲ. ತಂದೆ ಅನಂತಶಾಸ್ತ್ರಿ ಡೋಂಗ್ರೆ. ಅವರು ಕಾರ್ಕಳದ ಹತ್ತಿರ ಮಾಳ ಎಂಬ ಊರಿನವರು. ತಾಯಿ ಲಕ್ಷ್ಮೀಬಾಯಿ. ಆ ಕಾಲದಲ್ಲಿ ಹೆಂಗಸರು ಸಂಸ್ಕೃತ ಓದುವ ಹಾಗಿರಲಿಲ್ಲ. ಆದರೂ ಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತ ಕಲಿಸಿದರು. ಜನ ಅದನ್ನು ಒಪ್ಪಲಿಲ್ಲ. ಅವರು ಕಾಡಿನಲ್ಲಿ ಮನೆ ಮಾಡಿಕೊಂಡರು. ಮುಂದೆ ತಾಯಿಯೇ ರಮಾಬಾಯಿಗೆ ಗುರುವಾದರು.

ಮಗುವಿಗೆ ಆರು ತಿಂಗಳಾದಾಗ ಮನೆಮಂದಿಯೆಲ್ಲ ತೀರ್ಥಯಾತ್ರೆ ಹೊರಟರು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಒಬ್ಬ ಆಳು ತಲೆ ಮೇಲೆ ಹೊತ್ತು ಬೆಟ್ಟ ಇಳಿದನಂತೆ. ನಾವು ನಂಜನಗೂಡಿನ ದೊಡ್ಡಜಾತ್ರೆಗೆ ಹೋಗಿ ಸಾಯಂಕಾಲಕ್ಕೆ ಮನೆಗೆ ಬರ್ತೀವಿ. ಅವರಿಗೆ ಯಾತ್ರೆಯ ದಾರಿಯೇ ಮನೆ. ದೇವಸ್ಥಾನದಲ್ಲಿ ಪುರಾಣ ಓದೋದು, ಜನ ಕೊಟ್ಟದ್ದರಲ್ಲಿ ಊಟ ಮಾಡೋದು. ರಮಾಬಾಯಿ ಚಿಕ್ಕ ವಯಸ್ಸಿನಲ್ಲೇ ಭಾಗವತದ ಸಾವಿರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿದ್ದರು.

ಆಮೇಲೆ 1870ರ ದಶಕದಲ್ಲಿ ದಕ್ಷಿಣದಲ್ಲಿ ಬರ ಬಂತು. ಕೈಲಿದ್ದ ಹಣವೆಲ್ಲ ಖರ್ಚಾಯಿತು. ದೇವರ ಸಾಕ್ಷಾತ್ಕಾರ ಆದರೆ ಕಷ್ಟ ತೀರುತ್ತೆ ಅಂತ ಅವರು ಉಪವಾಸ ಮಾಡಿದರು, ತೀರ್ಥಸ್ನಾನ ಮಾಡಿದರು, ಜಪ ಮಾಡಿದರು, ಪ್ರದಕ್ಷಿಣೆ ಹಾಕಿದರು, ಇದ್ದ ಕಾಸನ್ನೂ ದಾನ ಮಾಡಿದರು. ಈವತ್ತು ಕಾಣಿಸಬಹುದು, ನಾಳೆ ಕಾಣಿಸಬಹುದು ಅಂತ ಕಾದರು. ಯಾವ ದರ್ಶನವೂ ಆಗಲಿಲ್ಲ. ಕಾಡಿನ ಸೊಪ್ಪು ತಿಂದು ದಿನ ಕಳೆದರು. ಕೊನೆಗೆ ತಂದೆ ತೀರಿಕೊಂಡರು. ಹಿಂದೆಯೇ ತಾಯಿ, ಆಮೇಲೆ ಅಕ್ಕ. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸ ಇಬ್ಬರೇ.

ಅಣ್ಣ ತಂಗಿ ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಉತ್ತರಕ್ಕೆ ಹೋದರು. ಪಂಜಾಬಿನ ಝೀಲಂ ನದಿ ದಡದಲ್ಲಿ ಚಳಿ ತಡೆಯಲಾರದೆ ಎರಡು ಗುಂಡಿ ತೋಡಿ, ತಲೆ ಮಾತ್ರ ಹೊರಗೆ ಬಿಟ್ಟು, ಮೈ ಮೇಲೆ ಮರಳು ಮುಚ್ಚಿಕೊಂಡು ರಾತ್ರಿ ಕಳೆದರಂತೆ. 1878ರಲ್ಲಿ ಕಲ್ಕತ್ತ ಸೇರಿದರು. ಅಲ್ಲಿಯ ಪಂಡಿತರು ಈ ಹುಡುಗಿಯ ಸಂಸ್ಕೃತ ಕೇಳಿ ಬೆರಗಾದರು. ಪಂಡಿತಾ, ಸರಸ್ವತಿ ಎಂಬ ಬಿರುದುಗಳು ಬಂದವು. 1880ರಲ್ಲಿ ಅಣ್ಣನೂ ತೀರಿಕೊಂಡರು. ಅದೇ ವರ್ಷ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಅವರನ್ನು ಜಾತಿ ನೋಡದೆ ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಗಂಡ ಕಾಲರಾದಿಂದ ತೀರಿಹೋದರು. ಆಗ ರಮಾಬಾಯಿಗೆ ಇನ್ನೂ 24 ತುಂಬಿರಲಿಲ್ಲ.

ಅವರು ಅಳುತ್ತಾ ಕೂರಲಿಲ್ಲ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. 1883ರಲ್ಲಿ ಇಂಗ್ಲೆಂಡಿಗೆ ಓದಲು ಹೋದರು. ಅಲ್ಲಿ ಕ್ರೈಸ್ತ ಸನ್ಯಾಸಿನಿಯರು ದಾರಿ ತಪ್ಪಿದವರು ಅಂತ ಸಮಾಜ ದೂರ ಮಾಡಿದ ಹೆಂಗಸರನ್ನು ಸ್ವಂತ ಅಕ್ಕತಂಗಿಯರ ಹಾಗೆ ನೋಡಿಕೊಳ್ಳೋದನ್ನು ಕಂಡರು. ಇದಕ್ಕೆ ಕಾರಣವೇನು ಅಂತ ಕೇಳಿದಾಗ, ಯೇಸು ಬಾವಿಯ ಹತ್ತಿರ ಸಮಾರ್ಯದ ಹೆಂಗಸನ್ನು ಮಾತಾಡಿಸಿದ ಕಥೆಯನ್ನು ಓದಿ ಹೇಳಿದರು. ಅದು ಅವರ ಮನಸ್ಸಿಗೆ ನಾಟಿತು. 1883 ಸೆಪ್ಟೆಂಬರ್ 29ರಂದು ಮಗಳ ಜೊತೆ ದೀಕ್ಷಾಸ್ನಾನ ಪಡೆದರು. ಹಾಗಂತ ಹೇಳಿದ್ದಕ್ಕೆಲ್ಲ ತಲೆ ಆಡಿಸಲಿಲ್ಲ. ಗುರುಗಳಿಗೆ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಕಾಗದ ಬರೆಯುತ್ತಿದ್ದರು.

ಆಮೇಲೆ ಅಮೆರಿಕಕ್ಕೆ ಹೋಗಿ ಭಾರತದ ವಿಧವೆಯರ ಕಷ್ಟವನ್ನು ಪುಸ್ತಕ ಬರೆದು ತಿಳಿಸಿದರು. 1889 ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಶಾಲೆ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿ ಹುಡುಗಿಯರನ್ನು ಮತಾಂತರ ಮಾಡ್ತಾರೆ ಅಂತ ದೊಡ್ಡ ಗಲಾಟೆಯಾಯಿತು. 1893ರಲ್ಲಿ ಬಹಳ ಜನ ಪೋಷಕರು ತಮ್ಮ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಆದರೂ ಶಾಲೆ ನಿಲ್ಲಲಿಲ್ಲ.

ಗೆಳೆಯರೇ, ಇಲ್ಲಿ ಒಂದು ವಿಷಯ ಗಮನಿಸಿ. ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷ ಆದ ಮೇಲೆ ರಮಾಬಾಯಿಗೆ ತನಗೆ ಧರ್ಮ ಸಿಕ್ಕಿದೆ, ಆದರೆ ಧರ್ಮದ ಒಡೆಯ ಸಿಕ್ಕಿಲ್ಲ ಎಂದು ಅನ್ನಿಸಿತು. ಬುದ್ಧಿಗೆ ಸರಿ ಅನ್ನಿಸಿದ್ದನ್ನು ಒಪ್ಪಿದ್ದರು, ಮನಸ್ಸನ್ನು ಒಪ್ಪಿಸಿರಲಿಲ್ಲ. ಚಿಕ್ಕಂದಿನಲ್ಲಿ ಮಾಡಿದ ಹಾಗೆ ಮತ್ತೆ ದರ್ಶನಕ್ಕಾಗಿ ಕಾಯಲಿಲ್ಲ. ಮಗು ಅವ್ವನ ಕೈ ಹಿಡಿಯೋ ಹಾಗೆ, ಕಾಣದ ದೇವರನ್ನು ನಂಬಿಬಿಟ್ಟರು. ತಾನು ಏನೋ ಮಾಡಿ ಅವನನ್ನು ಮೆಚ್ಚಿಸಬೇಕಾಗಿಲ್ಲ, ಅವನ ಮಾತನ್ನು ನಂಬಿದರೆ ಸಾಕು ಅಂತ ತಿಳಿದರು.

ಈ ನಂಬಿಕೆಗೆ ಬೇಗನೆ ಪರೀಕ್ಷೆ ಬಂತು. 1896ರಲ್ಲಿ ಮಧ್ಯ ಭಾರತದಲ್ಲಿ ಬರ ಬಿತ್ತು. ತಮ್ಮ ಅಪ್ಪ ಅಮ್ಮ ಹಸಿವಿನಿಂದ ಸತ್ತದ್ದು ಅವರಿಗೆ ಮರೆತಿರಲಿಲ್ಲ. ತಾವೇ ಅಲ್ಲಿಗೆ ಹೋಗಿ ನೂರಾರು ಅನಾಥ ಹುಡುಗಿಯರನ್ನು ಕರೆತಂದರು. ಪುಣೆ ಜಿಲ್ಲೆಯ ಕೇಡಗಾಂವ್ ಎಂಬಲ್ಲಿ ಅವರಿಗಾಗಿ ಮುಕ್ತಿ ಸದನ ಎದ್ದಿತು. 1900ರಲ್ಲಿ ಗುಜರಾತಿನ ಬರದಿಂದ ಇನ್ನಷ್ಟು ಹುಡುಗಿಯರು ಬಂದರು. ಹೆಚ್ಚು ಕಡಿಮೆ 2000 ಜನರ ಊಟದ ಭಾರ ಅವರ ಮೇಲೆ ಬಿತ್ತು. ದೇವರು ನಡೆಸುತ್ತಾನೆ ಅಂತ ಪ್ರಾರ್ಥನೆ ಮಾಡುತ್ತಿದ್ದರು. ನಂಬಿಕೆ ಅಂದ್ರೆ ಕೈಕಟ್ಟಿ ಕೂರೋದಲ್ಲ. ಬಾವಿ ತೋಡಿಸಿದರು, ಹೊಲ ಉಳಿಸಿದರು. ನಮ್ಮೂರ ಖಾದಿ ಕೇಂದ್ರದಲ್ಲಿ ಹೆಂಗಸರು ನೂಲು ತೆಗೆದು ಬದುಕು ನಡೆಸಿದ ಹಾಗೆ, ಅಲ್ಲಿಯೂ ನೇಯ್ಗೆ, ಹೊಲಿಗೆ, ಅಚ್ಚಿನ ಕೆಲಸ ಕಲಿಸಿದರು. ಕಣ್ಣು ಕಾಣದವರಿಗೆ ಬ್ರೈಲ್ ಲಿಪಿ ಕಲಿಸಿದರು.

1905ರಲ್ಲಿ ಮುಕ್ತಿಯಲ್ಲಿ ಒಂದು ವಿಶೇಷ ನಡೆಯಿತು. ಪ್ರಾರ್ಥನೆ ಮಾಡುವಾಗ ಹುಡುಗಿಯರು ಗಟ್ಟಿಯಾಗಿ ಅತ್ತರು, ನಡುಗಿದರು, ಮೈಯೆಲ್ಲ ಬೆಂಕಿ ಹತ್ತಿದ ಹಾಗಿದೆ ಅಂದರು. ಕೆಲವರು ಯಾರಿಗೂ ತಿಳಿಯದ ಭಾಷೆಯಲ್ಲಿ ಮಾತಾಡಿದರು. ಸುದ್ದಿ ದೇಶವಿದೇಶಕ್ಕೆ ಹರಡಿತು. ಇದು ಪವಿತ್ರಾತ್ಮನ ಕೆಲಸ ಎಂದು ಕೆಲವರು, ಬರೀ ಹುಚ್ಚಾಟ ಎಂದು ಕೆಲವರು ಹೇಳಿದರು. ರಮಾಬಾಯಿ ಆ ಹುಡುಗಿಯರನ್ನು ಗದರಿಸಲಿಲ್ಲ, ಅವರಿಗೆ ಆದದ್ದನ್ನು ಸುಳ್ಳು ಅನ್ನಲೂ ಇಲ್ಲ. ಆದರೆ ಅಂಥದ್ದು ಎಲ್ಲರಿಗೂ ಆಗಲೇಬೇಕು ಅಂತ ಹೇಳಲಿಲ್ಲ. ದೇವರು ಒಬ್ಬರ ಒಳಗೆ ಇದ್ದಾನೆ ಅನ್ನೋದಕ್ಕೆ ಬೇಕೇ ಬೇಕಾದ ಗುರುತು ಪ್ರೀತಿ ಒಂದೇ, ಉಳಿದ ವರಗಳನ್ನು ತಳ್ಳಿಹಾಕಬೇಕಾಗಿಲ್ಲ ಎಂದು ಅವರು 1907ರಲ್ಲಿ ಬರೆದರು.

ಕಡೆಯ ವರ್ಷಗಳಲ್ಲಿ ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಆದರೂ ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸರಿಗೂ ಅರ್ಥವಾಗುವ ಸುಲಭ ಮರಾಠಿಗೆ ಸತ್ಯವೇದವನ್ನು ತಂದರು. ಮುಕ್ತಿಯ ಹುಡುಗಿಯರೇ ಮೊಳೆ ಜೋಡಿಸಿ ಅಚ್ಚು ಹಾಕಿದರು. ಮಗಳು ಮನೋರಮಾ ನಮ್ಮ ಕಲಬುರಗಿಯಲ್ಲೂ ಹುಡುಗಿಯರಿಗೆ ಶಾಲೆ ತೆರೆದಿದ್ದರು. ಅವರು 1921ರಲ್ಲಿ ತೀರಿಕೊಂಡರು. ಇದ್ದ ಒಬ್ಬಳೇ ಮಗಳು ಹೋದರೂ ತಾಯಿ ಅನುವಾದದ ಕೆಲಸ ಬಿಡಲಿಲ್ಲ. ಅದನ್ನು ಮುಗಿಸಿ 1922 ಏಪ್ರಿಲ್ 5ರಂದು ದೈವಾಧೀನರಾದರು. 1989ರಲ್ಲಿ ಭಾರತ ಸರ್ಕಾರ ಇವರ ಅಂಚೆಚೀಟಿ ಹೊರಡಿಸಿತು. ಮುಕ್ತಿ ಸಂಸ್ಥೆ ಈಗಲೂ ಕೇಡಗಾಂವ್‌ನಲ್ಲಿ ನಡೆಯುತ್ತಿದೆ.

ನಮ್ಮ ಮನೆಗಳಲ್ಲಿ ಬೇರೆ ಬೇರೆ ದೇವರನ್ನು ಪೂಜಿಸುತ್ತೇವೆ. ಪೂಜೆ ಮಾಡಿದಾಗ ಮೈ ಜುಂ ಅನ್ನಲಿಲ್ಲ, ಕನಸಲ್ಲಿ ದೇವರು ಬರಲಿಲ್ಲ, ಹಂಗಾದ್ರೆ ನನ್ನ ಭಕ್ತಿ ಕಡಿಮೆಯಾ ಅಂತ ಕೆಲವರು ಬೇಜಾರು ಮಾಡ್ಕೋತಾರೆ. ಅಂಥವರು ರಮಾಬಾಯಿಯವರನ್ನು ನೆನೆಸಿಕೊಳ್ಳಬೇಕು. ಕಾಣಿಸಲಿ ಅಂತ ಕಾದಾಗ ಅವರಿಗೆ ದೇವರು ಕಾಣಲಿಲ್ಲ. ನಂಬಿ, ಹಸಿದವರಿಗೆ ಅನ್ನ ಹಾಕುತ್ತಾ ಹೋದರು. ದೇವರನ್ನು ಬಲ್ಲವರು ಅಂತ ಜನ ಅವರನ್ನೇ ಹುಡುಕಿಕೊಂಡು ಬಂದರು. ಇಂತಹ ಮಹಾತಾಯಿಯ ಜೀವನ ನಮಗೆಲ್ಲ ದಾರಿದೀಪವಾಗಲಿ.

— ಏಳನೇ ತರಗತಿ ವಿದ್ಯಾರ್ಥಿನಿ, ಬದನವಾಳು