ಅಕ್ಕೋರ ಶಾಲೆ

ಅಮೆರಿಕದ ನಮ್ಮ ಕನ್ನಡ ಕೂಟದಲ್ಲಿ ಕಳೆದ ರಾಜ್ಯೋತ್ಸವದ ಸಮಾರಂಭವು ಮುಗಿದು, ಸಭಾಂಗಣದ ಹಿಂಬದಿಯಲ್ಲಿ ಬಿಸಿಬೇಳೆಭಾತಿನ ಪಾತ್ರೆಗಳನ್ನು ತಿಕ್ಕುವ ಸರದಿ ನನ್ನ ಪಾಲಿಗೆ ಬಂದಿದ್ದ ಹೊತ್ತಿನಲ್ಲಿ, ಹತ್ತು ವರ್ಷದ ನನ್ನ ಮೊಮ್ಮಗಳು ಬಳಿಗೆ ಬಂದು, "ಅಜ್ಜಾ, ನೀನು ಕಾನ್ವೆಂಟಲ್ಲಿ ಓದಿದ್ದಂತೆ, ಹೌದಾ? ಮತ್ತೆ ನಿಂಗೆ ಕನ್ನಡ ಕಲಿಸಿದ್ದು ಯಾರು?" ಎಂದು ಕೇಳಿದಳು. "ಅದೇ ಕಾನ್ವೆಂಟಿನವರು" ಎಂದೆನು. ಅಜ್ಜ ಎಂದಿನಂತೆ ತಮಾಷೆ ಮಾಡುತ್ತಿದ್ದಾನೆಂದು ಬಗೆದು ಆಕೆ ನಕ್ಕು ಹೊರಟುಹೋದಳು. ಆ ನಗೆಯೇ ಈ ಲೇಖನಕ್ಕೆ ಕಾರಣ.

ಮಕ್ಕಳೇ, ನನ್ನ ಊರು ಮೇಡ್ಲೇರಿ. ಈಗ ಹಾವೇರಿ ಜಿಲ್ಲೆ ಎನ್ನುತ್ತಾರೆ. 1997ಕ್ಕೆ ಮುಂಚೆ ನಾವು ಧಾರವಾಡ ಜಿಲ್ಲೆಯವರು, ರಾಣೇಬೆನ್ನೂರು ತಾಲ್ಲೂಕಿನವರು. ಒಂದು ಕಡೆಗೆ ತುಂಗಭದ್ರೆ, ಇನ್ನೊಂದು ಕಡೆಗೆ ಕೃಷ್ಣಮೃಗಗಳು ಓಡಾಡುವ ಹುಲ್ಲುಗಾವಲು, ನಡುವೆ ಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಎರೆಹೊಲಗಳು. ಸಮೀಪದ ಬ್ಯಾಡಗಿಯ ಮೆಣಸಿನಕಾಯಿಯನ್ನು ನಿಮ್ಮ ತಾಯಂದಿರು ಇಲ್ಲಿಯ ಭಾರತೀಯ ಅಂಗಡಿಗಳಲ್ಲಿ ಹುಡುಕಿ ಹುಡುಕಿ ತರುತ್ತಾರಲ್ಲವೇ? ಅದೇ ಬ್ಯಾಡಗಿ. ಅದೇ ತಾಲ್ಲೂಕಿನಲ್ಲಿ ಕನಕದಾಸರ ಕಾಗಿನೆಲೆಯೂ ಇದೆ. ಇನ್ನು ಶಿಗ್ಗಾಂವಿಯ ಕಡೆಗೆ ಹೋದರೆ ಶಿಶುನಾಳ. ಅಲ್ಲಿ ಹುಟ್ಟಿದ ಶರೀಫ ಸಾಹೇಬರು ಮುಸಲ್ಮಾನರಾಗಿಯೂ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರುಗಳಲ್ಲಿ ವಿದ್ಯೆ ಕಲಿತವರು, ಕೆಲವು ಕಾಲ ತಾವೂ ಶಾಲಾಮಾಸ್ತರರಾಗಿದ್ದವರು. ಗುರುವಿನ ಜಾತಿಯನ್ನು ಶಿಷ್ಯನೂ ಶಿಷ್ಯನ ಜಾತಿಯನ್ನು ಗುರುವೂ ಕೇಳದಿರುವುದು ನಮ್ಮ ಸೀಮೆಗೆ ಹೊಸದೇನೂ ಅಲ್ಲವೆಂಬುದಕ್ಕಾಗಿ ಇದನ್ನು ಹೇಳಿದೆನು.

ನನಗೆ ಆರು ವರ್ಷ ತುಂಬಿದಾಗ ನದಿಯ ಆಚೆ ದಂಡೆಯ ಪಟ್ಟಣವೊಂದರಲ್ಲಿ ನೌಕರಿಯಲ್ಲಿದ್ದ ನನ್ನ ಸೋದರಮಾವನು, "ಹುಡುಗ ಇಲ್ಲೇ ಇದ್ರ ದನಾ ಕಾಯ್ತಾನ" ಎಂದು ನನ್ನ ಅವ್ವನನ್ನು ಹೆದರಿಸಿ, ಚಕ್ಕಡಿಯಲ್ಲಿ ಕೂಡ್ರಿಸಿಕೊಂಡು ಹೋಗಿ, ತನ್ನ ಮನೆಯ ಎದುರಿಗಿದ್ದ ಕಥೋಲಿಕ ಕನ್ಯಾಸ್ತ್ರೀಯರ ಪ್ರಾಥಮಿಕ ಶಾಲೆಗೆ ಸೇರಿಸಿದನು. ಆ ಶಾಲೆಯ ಹೆಸರನ್ನೂ, ನನಗೆ ಅಕ್ಷರ ಕಲಿಸಿದ ಸಿಸ್ಟರ್ ಅವರ ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಿಯೂ ಕಾಣದಂತೆ ಬಾಳಿದವರು ಅವರು.

ಕಾನ್ವೆಂಟ್ ಎಂಬ ಶಬ್ದವನ್ನೇ ಮೊದಲು ನೋಡೋಣ. ನಮ್ಮ ನಾಡಿನಲ್ಲಿ ಈಗ ಯಾವ ಓಣಿಯಲ್ಲಿ ಯಾರು ಇಂಗ್ಲಿಷ್ ಶಾಲೆ ತೆರೆದರೂ ಅದಕ್ಕೆ ಕಾನ್ವೆಂಟ್ ಎಂಬ ಹೆಸರು ಬೀಳುತ್ತದೆ. ಅದರೊಳಗೆ ಸನ್ಯಾಸಿನಿಯೊಬ್ಬಳೂ ಇರಬೇಕೆಂಬ ನಿಯಮವಿಲ್ಲ. ನಿಜವಾಗಿ ಅದು ಕನ್ಯಾಸ್ತ್ರೀಯರ ಮಠಕ್ಕೆ ಸಂದ ಹೆಸರು. ಅದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಕೂಡುವುದು, ಸಭೆ ಸೇರುವುದು ಎಂದು ಅರ್ಥ. ಎಂದರೆ, ಕನ್ನಡಕ್ಕೆ ತಂದರೆ, ಕೂಟ! ನಮ್ಮ ಕನ್ನಡ ಕೂಟವು ಶಬ್ದಾರ್ಥದಲ್ಲಿ ಒಂದು ಕಾನ್ವೆಂಟು. ಇದನ್ನು ನಮ್ಮ ಕೂಟದ ಅಧ್ಯಕ್ಷರಿಗೆ ಹೇಳಿದಾಗ, ಮುಂದಿನ ವರ್ಷದ ಚಂದಾಹಣವನ್ನು ಕಾನ್ವೆಂಟಿನ ಫೀಜಿನಂತೆ ಏರಿಸಬಹುದೇನೋ ಎಂದು ಅವರು ಯೋಚನೆಗೆ ಬಿದ್ದರು.

ಈ ಶಾಲೆಗಳು ನಮ್ಮ ನಾಡಿಗೆ ಬಂದುದರ ಚರಿತ್ರೆ ದೀರ್ಘವಾದದ್ದು. ಮಕ್ಕಳು ಆಕಳಿಸದಂತೆ ಎರಡೇ ಮಾತು ಹೇಳುತ್ತೇನೆ. ಮಂಗಳೂರಿಗೆ 1870ರಲ್ಲಿ ಕಾರ್ಮೆಲ್ ಸಭೆಯ ಕನ್ಯಾಸ್ತ್ರೀಯರು ಬಂದರು. 1880ರಲ್ಲಿ ಇಟಲಿಯ ಜೆಸುಯಿಟ್ ಪಾದ್ರಿಗಳು ಸಂತ ಅಲೋಶಿಯಸ್ ಕಾಲೇಜನ್ನು ಸ್ಥಾಪಿಸಿದರು. ಇವು ದೊಡ್ಡ ಕಥೆಗಳು. ನನಗೆ ಹೆಚ್ಚು ಪ್ರಿಯವಾದುದು ಇನ್ನೊಂದು. ನಮ್ಮ ಶಿವಮೊಗ್ಗದಲ್ಲಿ 1875ರಲ್ಲಿ ಹುಟ್ಟಿದ ರೇಮಂಡ್ ಮಸ್ಕರೇನ್ಹಸ್ ಎಂಬವರು ಮಂಗಳೂರಿನ ಬೆಂದೂರಿನಲ್ಲಿ ಪಾದ್ರಿಗಳಾಗಿದ್ದಾಗ, ಹಳ್ಳಿಯ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವವರೇ ಇಲ್ಲವಲ್ಲಾ ಎಂದು ಮರುಗಿ, 1921ರಲ್ಲಿ ನಾಲ್ವರು ಯುವತಿಯರೊಡನೆ ಬೆಥನಿ ಎಂಬ ಸೋದರಿಯರ ಸಭೆಯನ್ನು ಆರಂಭಿಸಿದರು. ಪಟ್ಟಣದ ಸಿರಿವಂತರ ಮಕ್ಕಳಿಗೆ ಪಿಯಾನೊ ಕಲಿಸುವುದಕ್ಕಲ್ಲ, ಬಡವರ ಮನೆಯ ಹುಡುಗಿಯು ತನ್ನ ಹೆಸರನ್ನು ತಾನೇ ಬರೆಯುವಂತೆ ಮಾಡುವುದಕ್ಕೆ ಹುಟ್ಟಿದ ಇಂಥ ಸಭೆಗಳ ಸೋದರಿಯರು ಘಟ್ಟ ಹತ್ತಿ ಬಂದು ನಮ್ಮ ನಾಡಿನ ಮೂಲೆ ಮೂಲೆಗಳಲ್ಲಿ ಕಲಿಸಿದರು.

ಹಾಗೆ ಘಟ್ಟದ ಕೆಳಗಿನಿಂದ ಬಂದವರೇ ನನ್ನ ಸಿಸ್ಟರ್. ಮನೆಮಾತು ಕೊಂಕಣಿ; ಕಲಿಸುತ್ತಿದ್ದುದು ಕನ್ನಡ. ಅವರ ಕನ್ನಡವೋ, ಅಚ್ಚಿನ ಮನೆಯಿಂದ ಆಗತಾನೇ ಹೊರಬಂದ ಪುಸ್ತಕದಂತೆ ವಿಭಕ್ತಿಪ್ರತ್ಯಯಗಳೆಲ್ಲ ಸ್ವಸ್ಥಾನದಲ್ಲಿ ಕುಳಿತಿರುವ ಕನ್ನಡ. ಮೊದಲನೆಯ ದಿನ ಅವರು, "ಮಕ್ಕಳೇ, ನಿಮ್ಮ ನಿಮ್ಮ ಸ್ಲೇಟುಗಳನ್ನು ಹೊರಗೆ ತೆಗೆಯಿರಿ" ಎಂದಾಗ ನಾವು ಯಾರೂ ಅಲುಗಲಿಲ್ಲ. ನಮ್ಮಲ್ಲಿ ಸ್ಲೇಟು ಇರಲಿಲ್ಲ, ಇದ್ದುದು ಪಾಟಿ. ಮುಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, "ಪಾಟೀನ್ರಿ?" ಎಂದನು. ಅವರು ಸಿಟ್ಟಾಗಲಿಲ್ಲ. ಜೋಬಿನಿಂದ ಕೈಯಗಲದ ಒಂದು ಪುಸ್ತಕವನ್ನು ತೆಗೆದು, 'ಪಾಟಿ' ಎಂದು ಬರೆದುಕೊಂಡರು. ಅಂದಿನಿಂದ ಆ ಪುಸ್ತಕದಲ್ಲಿ ನಮ್ಮ ಸೀಮೆಯ ಮಾತುಗಳು ಒಂದೊಂದಾಗಿ ಸೇರತೊಡಗಿದುವು: ಚಕ್ಕಡಿ, ಕಿಸೆ, ಬುತ್ತಿ, ಕೌದಿ. ಅನ್ಯಭಾಷೆಯ ಗುರುವೊಬ್ಬನು ಶಿಷ್ಯರ ಮಾತನ್ನು ಬರೆದುಕೊಳ್ಳುವ ಈ ಪದ್ಧತಿ ಹಳೆಯದೆಂಬುದನ್ನು ನಾನು ಅರಿತದ್ದು ಬಹಳ ತಡವಾಗಿ. ಹದಿನೇಳನೆಯ ಶತಮಾನದಲ್ಲಿಯೇ ಮೈಸೂರಿನ ಸೀಮೆಗೆ ಬಂದಿದ್ದ ಲಿಯೊನಾರ್ಡೊ ಚಿನ್ನಮಿ ಎಂಬ ಇಟಲಿಯ ಪಾದ್ರಿಯು ಕನ್ನಡ ಕಲಿತು ಕನ್ನಡಕ್ಕೆ ವ್ಯಾಕರಣವನ್ನು ಬರೆದವನು. ಕಿಟ್ಟೆಲರ 1894ರ ಮಹಾನಿಘಂಟನ್ನು ನೀವು ಕೇಳಿ ಬಲ್ಲಿರಿ. ಅವರು ಕಥೋಲಿಕರಲ್ಲ, ಬಾಸೆಲ್ ಮಿಷನ್ನಿನವರು, ಆದರೆ ಕುಲವೊಂದೇ.

ಇನ್ನು, ಅಲ್ಲಿ ಏನು ಕಲಿಸುತ್ತಿದ್ದರು? ಪಾಠಪುಸ್ತಕಗಳು ಸರಕಾರದವು, ನಾಡಿನ ಉಳಿದ ಶಾಲೆಗಳಲ್ಲಿದ್ದುವೇ. ಗಣಿತ, ಸಮಾಜ, ವಿಜ್ಞಾನ, ಯಾವುದರಲ್ಲಿಯೂ ವ್ಯತ್ಯಾಸವಿಲ್ಲ. ವಾರದಲ್ಲಿ ಕೆಲವು ತಾಸು ಮಾತ್ರ ಕಥೋಲಿಕ ಮಕ್ಕಳು ಧರ್ಮೋಪದೇಶಕ್ಕಾಗಿ ಬೇರೆ ಕೋಣೆಗೆ ಹೋಗುತ್ತಿದ್ದರು, ನಾವು ಉಳಿದವರು ನೀತಿಪಾಠಕ್ಕೆ ಕೂಡುತ್ತಿದ್ದೆವು. ಸರಕಾರದ ಮನ್ನಣೆಯೋ ನೆರವೋ ಇರುವ ಶಾಲೆಯಲ್ಲಿ ಯಾವ ಮಗುವನ್ನೂ ಪಾಲಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂಡ್ರಿಸಲಾಗದೆಂದು ನಮ್ಮ ಸಂವಿಧಾನದ 28ನೆಯ ಅನುಚ್ಛೇದವು ವಿಧಿಸುತ್ತದೆ. ಅಲ್ಪಸಂಖ್ಯಾತರು ತಮ್ಮ ಶಾಲೆಗಳನ್ನು ಕಟ್ಟಿ ನಡೆಸುವ ಹಕ್ಕನ್ನು 30ನೆಯ ಅನುಚ್ಛೇದವು ಕೊಡುತ್ತದೆ. ಆರು ವರ್ಷದ ನನಗೆ ಅನುಚ್ಛೇದವೆಲ್ಲಿ ಗೊತ್ತು? ಆಚೆ ಕೋಣೆಯವರಿಗೆ ಬಣ್ಣದ ಚಿತ್ರಗಳನ್ನು ತೋರಿಸುತ್ತಾರೆ, ನಮಗಿಲ್ಲ ಎಂಬುದೊಂದೇ ನನ್ನ ದುಃಖವಾಗಿದ್ದಿತು.

ಪಠ್ಯದಲ್ಲಿಲ್ಲದ ಪಾಠಗಳೇ ಆ ಶಾಲೆಯ ನಿಜವಾದ ಪಾಠಗಳು. ಗಂಡುಹುಡುಗರೂ ಅಂಗಿಗೆ ಗುಂಡಿ ಹಚ್ಚಲು ಕಲಿಯಬೇಕಾಗಿದ್ದಿತು. ಮಧ್ಯಾಹ್ನದ ಉಪ್ಪಿಟ್ಟನ್ನು ದೊಡ್ಡವರು ಚಿಕ್ಕವರಿಗೆ ಬಡಿಸಿದ ತರುವಾಯವೇ ಉಣ್ಣಬೇಕಾಗಿದ್ದಿತು. (ಆ ಉಪ್ಪಿಟ್ಟಿನ ಗೋಧಿಯೂ ಹಾಲಿನ ಪುಡಿಯೂ 1960ರ ದಶಕದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬರುತ್ತಿದ್ದುವು. ನಿಮ್ಮ ದೇಶದ ಅನ್ನವನ್ನು ನಾನು ಈ ದೇಶಕ್ಕೆ ಬರುವ ಎಷ್ಟೋ ವರ್ಷ ಮೊದಲೇ ಉಂಡವನು.) ಕಾಪಿ ಬರೆಯುವಾಗ 'ಕ್ಷ'ದ ಬಾಲ ಗೆರೆಯಿಂದ ಕೆಳಗಿಳಿದರೆ ಪುಟವನ್ನೆಲ್ಲ ಮತ್ತೆ ಬರೆಯಬೇಕು. ಸಿಸ್ಟರ್ ನನ್ನ ಮುಷ್ಟಿಯ ಮೇಲೆ ತಮ್ಮ ಮುಷ್ಟಿಯನ್ನಿಟ್ಟು ಒತ್ತಕ್ಷರಗಳನ್ನು ತಿದ್ದಿಸುತ್ತಿದ್ದರು. ಅವರ ಕೈಯಿಂದ ಬಟ್ಟೆಸೋಪಿನ ವಾಸನೆ ಬರುತ್ತಿದ್ದಿತು, ಬೆರಳತುದಿಗಳು ಒಗೆತದಿಂದ ಬಿರಿದಿದ್ದುವು. ಇಂದಿಗೂ 'ಸ್ತ್ರೀ' ಎಂದು ಬರೆಯುವಾಗ, ಸ ಬರೆದು, ಅದಕ್ಕೆ ತ ಒತ್ತು ಕೊಟ್ಟು, ಅದರ ಪಕ್ಕಕ್ಕೆ ರ ಒತ್ತನ್ನು ಸುತ್ತಿ, ಗುಡಿಸಿ, ಕಡೆಗೆ ದೀರ್ಘವೆಳೆಯುವ ಆ ಐದು ಹೆಜ್ಜೆಗಳನ್ನು ನನ್ನ ಕೈ ತಾನಾಗಿ ಎಣಿಸುತ್ತದೆ.

ಆದರೆ ನಾನು ಹೇಳಬೇಕೆಂದು ಕುಳಿತದ್ದು ಸಂಜೆಯ ಐದು ನಿಮಿಷಗಳನ್ನು ಕುರಿತು. ಶಾಲೆ ಬಿಡುವ ಗಂಟೆಗೆ ಮುಂಚೆ ಕಿಟಕಿಗಳನ್ನು ಮುಚ್ಚಿಸಿ, ಕಣ್ಣುಮುಚ್ಚಿ ಕೂಡ್ರಲು ಹೇಳಿ, ಸಿಸ್ಟರ್ ಮೂರು ಪ್ರಶ್ನೆಗಳನ್ನು ಕೇಳುತ್ತಿದ್ದರು: ಇಂದು ನಿನಗೆ ಒಳ್ಳೆಯದನ್ನು ಮಾಡಿದವರು ಯಾರು? ನೀನು ನೋಯಿಸಿದ್ದು ಯಾರನ್ನು? ನಾಳೆ ಏನು ಮಾಡುವೆ? ಉತ್ತರವನ್ನು ಯಾರಿಗೂ ಹೇಳಬೇಕಾಗಿರಲಿಲ್ಲ, ಅವರಿಗೂ. ಜೆಸುಯಿಟ್ ಸಂಘದ ಮೂಲಪುರುಷನಾದ ಇಗ್ನೇಷಿಯಸ್ ಲೊಯೋಲನು ಹದಿನಾರನೆಯ ಶತಮಾನದಲ್ಲಿ ತನ್ನವರಿಗೆ ವಿಧಿಸಿದ ಆತ್ಮಶೋಧನೆಯ ಮಕ್ಕಳ ರೂಪವಿದೆಂದು ಮುಂದೆ ಎಲ್ಲಿಯೋ ಓದಿ ತಿಳಿದೆನು. ಅದರಲ್ಲಿ ತಪ್ಪನ್ನು ನೆನೆಯುವುದು ಎರಡನೆಯದು, ಉಪಕಾರವನ್ನು ನೆನೆಯುವುದೇ ಮೊದಲನೆಯದು. ಈ ಕ್ರಮದ ಸೂಕ್ಷ್ಮವನ್ನು ತಂದೆತಾಯಿಗಳಾದ ನಾವು ಸ್ವಲ್ಪ ಯೋಚಿಸಬೇಕು. ಮನೆಗೆ ಬಂದ ಮಗುವನ್ನು ನಾವು ಕೇಳುವುದು ಎಷ್ಟು ಅಂಕ ಬಂದುವೆಂದು.

ಒಂದು ಸಲ ನಾನು ಪಕ್ಕದಲ್ಲಿ ಕೂಡುತ್ತಿದ್ದ, ಟಾಂಗಾ ಹೊಡೆಯುವವರ ಮಗನ ಹೊಸ ಬಳಪವನ್ನು ಕದ್ದೆನು. ಮೊದಲ ಸಂಜೆ ಎರಡನೆಯ ಪ್ರಶ್ನೆ ಬಂದಾಗ ಕಣ್ಣು ತೆರೆದುಬಿಟ್ಟೆನು. ಮರುದಿನ ಕಿವಿ ಮುಚ್ಚಿಕೊಂಡೆನು. ಮೂರನೆಯ ಸಂಜೆ ತಡೆಯಲಾರದೆ ಅದನ್ನು ಅವನ ಪಾಟಿಚೀಲದ ಮೇಲಿಟ್ಟಾಗ ಅದು ತೇದು ತೇದು ಹುಣಸೆಬೀಜದಷ್ಟಾಗಿದ್ದಿತು. ಅವನು ಅದನ್ನೂ ನನ್ನನ್ನೂ ನೋಡಿ, "ನೀನ ಇಟ್ಕೊಳಲೇ, ನಮ್ಮಪ್ಪ ಬ್ಯಾರೇದು ಕೊಡಿಸ್ಯಾನ" ಎಂದನು. ನನಗೆ ಅಳು ಬಂದಿತು. ಮರುಸಂಜೆ ಮೊದಲನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿದ್ದಿತು.

ಈಗಿನ ಸ್ಥಿತಿಯನ್ನೂ ಮುಚ್ಚಿಡಬಾರದು. ಇಂಥ ಶಾಲೆಗಳಲ್ಲಿ ಎಷ್ಟೋ ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿವೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನೇ ಮಾಧ್ಯಮವಾಗಿ ಸರಕಾರವು ಹೇರಲಾಗದೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ತೀರ್ಪಿತ್ತಿತು. ಸನ್ಯಾಸಿನಿಯರನ್ನು ದೂರಿ ಫಲವಿಲ್ಲ. ಇಂಗ್ಲಿಷ್ ಬೇಕೆಂದು ಬಾಗಿಲ ಮುಂದೆ ಸಾಲುಗಟ್ಟಿ ನಿಂತವರು ನಾವು, ಎಂದರೆ ನನ್ನ ತಲೆಮಾರಿನ ತಂದೆತಾಯಿಗಳು. ವಿಚಿತ್ರವೇನೆಂದರೆ, ಫ್ರಾನ್ಸಿನಲ್ಲಿ ಮುನ್ನೂರು ವರ್ಷಗಳಿಗೂ ಹಿಂದೆ, ಬಡಮಕ್ಕಳಿಗೆ ಮೊದಲು ಲ್ಯಾಟಿನ್ನನ್ನು ಓದಿಸುವ ರೂಢಿಯನ್ನು ಮುರಿದು, ಅವರ ಮನೆಮಾತಿನಲ್ಲಿಯೇ ಓದು ಕಲಿಸಬೇಕೆಂದು ಹಟ ಹಿಡಿದವನು ಲಾ ಸಾಲ್ ಎಂಬ ಕಥೋಲಿಕ ಪಾದ್ರಿಯೇ. ಉಪಾಧ್ಯಾಯರ ಪಾಲಕಸಂತನೆಂದು 1950ರಲ್ಲಿ ಪೋಪರು ಸಾರಿದ್ದು ಅವನನ್ನೇ. ಇನ್ನು, ಮನೆಮಾತು ಬೇರೆಯಾದರೂ ಕನ್ನಡದಲ್ಲಿ ಬಾಳು ಸವೆಸಬಹುದೆಂಬುದಕ್ಕೆ ಸಾಗರದ ಕಾದಂಬರಿಕಾರ ನಾ. ಡಿಸೋಜರೇ ಸಾಕ್ಷಿ. ಶರಾವತಿಯ ಅಣೆಕಟ್ಟಿನಿಂದ ಮುಳುಗಿದ ಊರುಗಳ ದುಃಖವನ್ನು ಅವರಷ್ಟು ಬರೆದವರಿಲ್ಲ. ಅವರ 'ಮುಳುಗಡೆಯ ಊರಿಗೆ ಬಂದವರು' ಮಕ್ಕಳಿಗಾಗಿಯೇ ಬರೆದ ಕಾದಂಬರಿ. 2011ರಲ್ಲಿ ಬಾಲಸಾಹಿತ್ಯ ಪುರಸ್ಕಾರ ಪಡೆದದ್ದು. ನಮ್ಮ ಭಾನುವಾರದ ಕನ್ನಡ ತರಗತಿಯ ದೊಡ್ಡ ಮಕ್ಕಳಿಗೆ ಅದನ್ನು ಓದಿಸಬೇಕೆಂಬುದು ನನ್ನ ಆಸೆ. ಈಜಿಗೂ ಪಿಯಾನೊಕ್ಕೂ ನಲವತ್ತು ಮೈಲಿ ಕಾರು ಓಡಿಸುವ ನಾವು ಇದಕ್ಕೆ ಒಂದು ತಾಸು ಕೊಡಲಾರೆವೇ?

ಮಕ್ಕಳನ್ನು ಮರೆತು ದೊಡ್ಡವರೊಡನೆ ಜಗಳಕ್ಕೆ ನಿಂತೆನು. ನನ್ನ ಅಜ್ಜಿಯ ಕಥೆ ಹೇಳಿ ಮುಗಿಸುತ್ತೇನೆ.

ನಾಲ್ಕನೆಯ ಇಯತ್ತೆ ಮುಗಿಯುವ ಹೊತ್ತಿಗೆ ನನ್ನ ಅಜ್ಜಿ ಮೇಡ್ಲೇರಿಯಿಂದ ಖಡಕ್ ರೊಟ್ಟಿಯ ಗಂಟು ಕಟ್ಟಿಕೊಂಡು ಶಾಲೆಗೆ ಬಂದಳು. ಸಿಸ್ಟರ್ ಎಂಬ ಮಾತು ಆಕೆಯ ನಾಲಗೆಗೆ ಒಗ್ಗದು. ಬಾಗಿಲಲ್ಲಿಯೇ ನಿಂತು, "ಅಕ್ಕೋರ, ನಮ್ಮ ಹುಡುಗಗ ಚಲೋ ಬುದ್ಧಿ ಕಲಿಸೀರಿ. ಇವು ನಿಮಗರಿ" ಎಂದು ಗಂಟನ್ನು ಮುಂದಿಟ್ಟಳು. ಸಿಸ್ಟರ್ ಎರಡು ಕೈಗಳಿಂದಲೂ ಅದನ್ನು ತೆಗೆದುಕೊಂಡರು. ತರುವಾಯ ಸಪ್ಟೆಂಬರ್ 8ರ ಜಾತ್ರೆಗೆ ಅಜ್ಜಿ ಹರಿಹರದ ಆರೋಗ್ಯಮಾತೆಯ ಇಗರ್ಜಿಗೂ ಹೋಗಿ, ಒಂದು ಮೇಣಬತ್ತಿ ಹಚ್ಚಿ, ಹಾಗೆಯೇ ಹರಿಹರೇಶ್ವರನ ಗುಡಿಗೆ ಕಾಯಿ ಒಡೆಸಿಕೊಂಡು ಬಂದಳು. ಅರ್ಧ ಹರಿ ಅರ್ಧ ಹರನಾಗಿ ನಿಂತ ದೇವರ ಊರಿನಲ್ಲಿ ಇದೇನೂ ತೊಡಕೆಂದು ಆಕೆಗೆ ತೋರಿರಲಿಲ್ಲ. ಅದಿರಲಿ. ರೊಟ್ಟಿ ಕೊಟ್ಟ ಆ ದಿನ ಅಜ್ಜಿ ಹೊರಗೆ ಹೋದ ಮೇಲೆ ಸಿಸ್ಟರ್ ತಮ್ಮ ಕೈಯಗಲದ ಪುಸ್ತಕವನ್ನು ತೆಗೆದರು. ನಾಲ್ಕು ವರ್ಷಗಳಲ್ಲಿ ಅದು ಮುಕ್ಕಾಲು ತುಂಬಿದ್ದಿತು, ರಟ್ಟು ಕಿತ್ತು ಬಂದಿದ್ದಿತು. ಹೊಸ ಸಾಲಿನಲ್ಲಿ 'ಅಕ್ಕೋರು' ಎಂದು ಬರೆದು, "ಹಾಗೆಂದರೆ ಏನು?" ಎಂದು ನನ್ನನ್ನು ಕೇಳಿದರು.

ನಮ್ಮ ಕಡೆಗೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಹಾಗೆ ಕರೆಯುತ್ತಾರೆಂದೂ, ಅದು ಅಕ್ಕ ಎಂಬ ಮಾತಿನ ಗೌರವದ ರೂಪವೆಂದೂ ಬಿಡಿಸಿ ಹೇಳುವ ಜಾಣತನ ನನಗಾಗ ಎಲ್ಲಿಯದು?

"ಅಕ್ಕೋರಂದ್ರ ನೀವರಿ" ಎಂದೆನು.

ಅವರು ಒಂದು ಗಳಿಗೆ ಸುಮ್ಮನಿದ್ದು, ಅಕ್ಕೋರು ಎಂಬುದರ ಮುಂದೆ, ತಮ್ಮ ಗುಂಡಾದ ಅಕ್ಷರಗಳಲ್ಲಿ, ನಾನು ಅಂದಂತೆಯೇ 'ನೀವರಿ' ಎಂದು ಬರೆದುಕೊಂಡರು.